ಬೈಸ್ಟ್ಯಾಂಡರ್ ಇಲ್ಲದ ರೋಗಿ

2022ರ ಜೂನ್. ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು, ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನರ್ಸ್‌ಗಳಿಗೆ ಇಂಗ್ಲಿಷ್ ಪರೀಕ್ಷೆಯ ತರಬೇತಿ ಕೊಡುತ್ತ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿದ್ದೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಮ್ಮ ಕೋಣೆ. ಹನ್ನೆರಡು ಕುರ್ಚಿ, ಒಂದು ಬಿಳಿ ಬೋರ್ಡು, ಒಂದು ಫ್ಯಾನು. ಕಿಟಕಿ ತೆರೆದರೆ ಸಿಟಿ ಬಸ್ಸಿನ ಕಂಡಕ್ಟರುಗಳು ಊರುಗಳ ಹೆಸರು ಕೂಗುವುದು ಪಾಠದ ಮಧ್ಯೆಯೇ ಬಂದು ಸೇರುತ್ತದೆ, ಮುಚ್ಚಿದರೆ ಸೆಕೆ ತಡೆಯಲಾಗುವುದಿಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ನಾನು ಗಂಡನ ಮಾತಿನಲ್ಲೇ ತಪ್ಪು ಹುಡುಕುತ್ತೇನೆಂದು ಅವರೇ ಈ ಕೋಣೆಯನ್ನು ಹುಡುಕಿ ಕೊಟ್ಟದ್ದು. ಅದು ಪೂರ್ತಿ ತಮಾಷೆಯ ಮಾತಲ್ಲ.

ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಬೇಕು. ಇಂಗ್ಲೆಂಡಿನಂಥ ದೇಶಗಳಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಆಸ್ಪತ್ರೆಯ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಪರೀಕ್ಷೆಯಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ನಾಲ್ಕರಲ್ಲೂ ಬಿ ದರ್ಜೆ ಬಂದರೆ ಪಾಸು. ಮಾತಾಡುವ ಭಾಗಕ್ಕೆ ರೋಲ್ ಪ್ಲೇ ಎಂದು ಹೆಸರು. ನರ್ಸ್ ಕೈಗೆ ಒಂದು ಕಾರ್ಡ್ ಕೊಡುತ್ತಾರೆ, ರೋಗಿ ಯಾರು, ಏನಾಗಿದೆ, ಏನೇನು ಹೇಳಬೇಕು ಎಂದು ಅದರಲ್ಲಿ ಇರುತ್ತದೆ. ಓದಿಕೊಳ್ಳಲು ಮೂರು ನಿಮಿಷ, ಎದುರು ಕೂತ ವ್ಯಕ್ತಿ ರೋಗಿಯ ಪಾತ್ರ ಮಾಡುತ್ತಾರೆ, ಐದು ನಿಮಿಷ ಮಾತು. ಆ ಮಾತನ್ನು ರೆಕಾರ್ಡ್ ಮಾಡಿ ಬೇರೆ ಎಲ್ಲೋ ಕೂತವರು ಅಂಕ ಹಾಕುತ್ತಾರೆ. ಇಂಥ ಎರಡು ಕಾರ್ಡ್ ಇರುತ್ತವೆ.

ಝೊಹರಾ ನನ್ನ ಬಳಿಗೆ ಬಂದದ್ದು ಆ ಜೂನಿನಲ್ಲಿ. ಉಳ್ಳಾಲದ ಬ್ಯಾರಿ ಮುಸ್ಲಿಂ ಮನೆತನದ ಹೆಣ್ಣು, ಮನೆಯಲ್ಲಿ ಬ್ಯಾರಿ ಭಾಷೆ, ಹೊರಗೆ ತುಳು, ವಯಸ್ಸು ಮೂವತ್ತನಾಲ್ಕು, ನಗರದ ದೊಡ್ಡ ಆಸ್ಪತ್ರೆಯೊಂದರ ಸರ್ಜರಿ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ. ಒಂದು ಸಲ ಬಿಟ್ಟರೆ ಎಂದೂ ತಡವಾಗಿ ಬಂದವಳಲ್ಲ. ಐದೂವರೆಯ ತರಗತಿಗೆ ಐದು ಇಪ್ಪತ್ತಕ್ಕೆ ಬಂದು, ತಲೆಯ ಶಾಲು ಸರಿ ಮಾಡಿಕೊಂಡು, ಮೊದಲ ಸಾಲಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಯಾಕೆ ಹೋಗಬೇಕು ನಿನಗೆ ಅಲ್ಲಿಗೆ ಎಂದು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದೆ. ಬೇರೆಯವರು ಒಳ್ಳೆಯ ಭವಿಷ್ಯ, ಅವಕಾಶ ಎಂದೆಲ್ಲ ಹೇಳುತ್ತಾರೆ. ಝೊಹರಾ ಬೆರಳು ಮಡಚಿ ಲೆಕ್ಕ ಹಾಕಿದಳು.

"ಟೀಚರ್, ನನ್ನ ಮದುವೆ ಆಗಿ ಹನ್ನೆರಡು ವರ್ಷ ಆಯ್ತು. ಇವರು ಶಾರ್ಜಾದಲ್ಲಿ ಸೂಪರ್ ಮಾರ್ಕೆಟಲ್ಲಿ ಇರುದು. ಅವರ ಕೆಲಸಕ್ಕೆ ಫ್ಯಾಮಿಲಿ ವೀಸಾ ಇಲ್ಲ. ರಜೆಯಲ್ಲಿ ಬಂದದ್ದೆಲ್ಲ ಸೇರಿಸಿದ್ರೆ ನಾವು ಒಟ್ಟಿಗೆ ಇದ್ದದ್ದು ಹದಿನಾಲ್ಕು ತಿಂಗಳು. ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಅಪ್ಪ ಅಂದ್ರೆ ಫೋನು."

ಇಂಗ್ಲೆಂಡಿನ ಸಣ್ಣ ಪಟ್ಟಣದ ಆಸ್ಪತ್ರೆಯೊಂದು ಅವಳನ್ನು ಆಯ್ಕೆ ಮಾಡಿತ್ತು. ನರ್ಸ್ ಆಗಿ ಹೋದರೆ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಮೂವರೂ ಒಂದು ಸೂರಿನ ಕೆಳಗೆ ಇರಬೇಕಾದರೆ ಅವಳಿಗೆ ಇದ್ದದ್ದು ಇದೊಂದೇ ದಾರಿ. ಆದರೆ ಆ ಕೆಲಸ ಕಾಯುವುದು ವರ್ಷದ ಕೊನೆಯವರೆಗೆ ಮಾತ್ರ. ನನ್ನ ಬಳಿಗೆ ಬರುವ ಮೊದಲೇ ಅವಳು ಒಮ್ಮೆ ಪರೀಕ್ಷೆ ಬರೆದಿದ್ದಳು. ಮೂರು ಭಾಗಗಳಲ್ಲಿ ಬಿ, ಮಾತಿನಲ್ಲಿ ಸಿ.

ನನಗೆ ಉತ್ಸಾಹ ಬಂತು. ಬುದ್ಧಿವಂತ ವಿದ್ಯಾರ್ಥಿ, ಸ್ವಲ್ಪ ಕೊರತೆ, ತುಂಬಿಸಿದರೆ ಆಯಿತು. ನನಗೆ ವ್ಯಾಕರಣದ ಹುಚ್ಚು ಉಂಟು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೈಸ್ಕೂಲಿನ ಇಂಗ್ಲಿಷಿನಿಂದ ಒಂದು ಮೆಟ್ಟಿಲು ಮೇಲಿನದ್ದು, ಅಂದರೆ ಕಂಡಿಷನಲ್ ವಾಕ್ಯಗಳು, ಇನ್ವರ್ಷನ್, ರಿಪೋರ್ಟೆಡ್ ಸ್ಪೀಚಿನ ಸೂಕ್ಷ್ಮಗಳು, ಒಂದೇ ಅರ್ಥದ ಐದು ಶಬ್ದಗಳಲ್ಲಿ ಸರಿಯಾದದ್ದನ್ನು ಆರಿಸುವುದು, ಇವೆಲ್ಲ ನನ್ನ ಇಷ್ಟದ ಕ್ಷೇತ್ರ. ನೋವು ಎನ್ನಲು ಪೇನ್ ಸಾಲದು, ಡಿಸ್‌ಕಂಫರ್ಟ್, ಏಕ್, ಸೋರ್‌ನೆಸ್, ಟೆಂಡರ್‌ನೆಸ್ ಎಲ್ಲದರ ವ್ಯತ್ಯಾಸ ಗೊತ್ತಿರಬೇಕು ಎಂದು ಹೇಳಿದೆ. ದಿನಕ್ಕೆ ಹನ್ನೆರಡು ಶಬ್ದ, ಎರಡು ವಾಕ್ಯರಚನೆ ಎಂದು ಗುರಿ ಹಾಕಿಕೊಟ್ಟೆ.

ವಾರ್ಡಿನಲ್ಲಿ ಕೈಗವಸು ಬರುವ ರಟ್ಟಿನ ಪೆಟ್ಟಿಗೆಗಳನ್ನು ಝೊಹರಾ ಅಂಗೈಯಗಲಕ್ಕೆ ಕತ್ತರಿಸಿ ಕಾರ್ಡ್ ಮಾಡಿಕೊಂಡಳು. ಒಂದು ಬದಿಗೆ ಇಂಗ್ಲಿಷ್ ಶಬ್ದ, ಇನ್ನೊಂದು ಬದಿಗೆ ಅವಳೇ ಕಟ್ಟಿದ ವಾಕ್ಯ. ಉಳ್ಳಾಲದಿಂದ ಬಸ್ಸು ಹತ್ತಿದರೆ ಹೊಳೆಯ ಸೇತುವೆ ಬರುವವರೆಗೆ ಹಳೆಯ ಕಾರ್ಡ್‌ಗಳು, ಸೇತುವೆ ದಾಟಿದ ಮೇಲೆ ಹೊಸವು. ಆಗಸ್ಟ್ ಹೊತ್ತಿಗೆ ಮುನ್ನೂರ ನಲವತ್ತು ಕಾರ್ಡ್ ಆಗಿದ್ದವು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಂತ ಇದು, ಇಸ್ಪೀಟಾ?" ಎಂದು ಕೇಳಿದಳಂತೆ. ಅದನ್ನು ಹೇಳಿ ಝೊಹರಾ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕದ್ದು ಈಗಲೂ ನೆನಪಿದೆ.

ಮಾತಿನ ಅಭ್ಯಾಸಕ್ಕೆ ಬೇರೆ ಯಾರೂ ಇಲ್ಲದ್ದರಿಂದ ರೋಗಿ ನಾನೇ ಆಗುತ್ತಿದ್ದೆ. ಝೊಹರಾ ಎದುರು ಕುರ್ಚಿಯಲ್ಲಿ, ನನ್ನ ಕೈಯಲ್ಲಿ ಕೆಂಪು ಪೆನ್ನು, ಮಡಿಲಲ್ಲಿ ಹಾಳೆ. ಒಂದು ದಿನ ನನಗೆ ಸಕ್ಕರೆ ಕಾಯಿಲೆ, ಇನ್ನೊಂದು ದಿನ ಕಾಲು ಮುರಿತ, ಮತ್ತೊಂದು ದಿನ ಸ್ಕ್ಯಾನಿನಲ್ಲಿ ಗಡ್ಡೆ. ಗಡ್ಡೆಯ ದಿನ ಝೊಹರಾ ಕುಶಲ ವಿಚಾರಿಸಿ, ನೋವಿನ ಬಗ್ಗೆ ಕೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಕೇಳುತ್ತಿದ್ದಳು: ನಿಮ್ಮ ಜೊತೆ ಯಾರು ಬಂದಿದ್ದಾರೆ? ನಾನು, ಮಗಳು ಹೊರಗೆ ಕೂತಿದ್ದಾಳೆ ಎನ್ನುತ್ತಿದ್ದೆ. ಹಾಗಾದರೆ ಅವರ ಹತ್ತಿರ ಮಾತಾಡಿ ಬರುತ್ತೇನೆ, ನೀವು ಏನೂ ಚಿಂತೆ ಮಾಡಬೇಡಿ ಎಂದು ಅವಳು. ಸರಿ ಎಂದು ನಾನು. ನಾವಿಬ್ಬರೂ ಮನಸ್ಸಿನಲ್ಲೇ ಕಾರಿಡಾರಿಗೆ ಹೋಗಿ, ಅಲ್ಲಿ ನಾನು ಮಗಳಾಗಿ, ಅವಳು ಕಾಯಿಲೆಯ ವಿಷಯವನ್ನೆಲ್ಲ ಚಂದದ ವಾಕ್ಯಗಳಲ್ಲಿ ವಿವರಿಸುತ್ತಿದ್ದಳು. ಮೂರು ತಿಂಗಳಲ್ಲಿ ಕೆಂಪು ಗುರುತು ಹಾಳೆಗೆ ಇಪ್ಪತ್ತರಿಂದ ಮೂರಕ್ಕೆ ಇಳಿಯಿತು. ನಾನು ಬೀಗಿದೆ.

ನಮ್ಮ ಊರಿನ ಆಸ್ಪತ್ರೆಗೆ ಹೋದವರಿಗೆಲ್ಲ ಬೈಸ್ಟ್ಯಾಂಡರ್ ಎಂಬ ಶಬ್ದ ಗೊತ್ತು. ರೋಗಿಯ ಜೊತೆ ನಿಲ್ಲುವ ಮನೆಯವರು. ಮಾತ್ರೆ ತರುವವರು, ಸಹಿ ಹಾಕುವವರು, ಡಾಕ್ಟರು ಕಾರಿಡಾರಿನ ತುದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುವವರು ಎಲ್ಲ ಅವರೇ. ಬೈಸ್ಟ್ಯಾಂಡರ್ ಇಲ್ಲದೆ ವಾರ್ಡಿನಲ್ಲಿ ಮಂಚ ಸಿಗುವುದು ಕಷ್ಟ. ದೊಡ್ಡ ಕಾಯಿಲೆಯಾದರೆ ರೋಗಿಗೆ ಹೇಳುವುದು ಬೇಡ, ಹೆದರುತ್ತಾರೆ ಎನ್ನುವುದು ಇಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸುವ ನಿಯಮ. ಹನ್ನೊಂದು ವರ್ಷ ಆ ನಿಯಮದಲ್ಲಿ ಕೆಲಸ ಮಾಡಿದವಳು ಝೊಹರಾ. ಅದೇ ನಿಯಮದಲ್ಲಿ ಬೆಳೆದವಳು ನಾನು. ಹಾಗಾಗಿ ಆ ಕಾರಿಡಾರು ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಅವಳು ಎರಡನೇ ಸಲ ಪರೀಕ್ಷೆ ಬರೆದಳು. ಫಲಿತಾಂಶ ಬಂದ ಸಂಜೆ ಐದು ಇಪ್ಪತ್ತಕ್ಕೇ ಬಂದು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಳು. ಓದುವುದರಲ್ಲಿ ಎ. ಉಳಿದ ಎರಡರಲ್ಲಿ ಬಿ. ಮಾತಿನಲ್ಲಿ ಮತ್ತೆ ಸಿ.

"ಟೀಚರ್, ನನ್ನ ಇಂಗ್ಲಿಷಲ್ಲಿ ಇನ್ನು ಎಂತ ತಪ್ಪುಂಟು? ನೀವೇ ಹೇಳಿ, ಅದನ್ನೂ ಕಲೀತೇನೆ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಮಾಡಿದ್ದೇನೆಂದರೆ, ಸಿಟ್ಟು ಮಾಡಿದೆ. ನನಗೆ ಉತ್ತರ ಗೊತ್ತಿಲ್ಲದಾಗ ಸಿಟ್ಟು ಬರುತ್ತದೆ, ಇದು ನನ್ನ ಹಳೆಯ ದೋಷ. ಅಷ್ಟೆಲ್ಲ ಹೇಳಿಕೊಟ್ಟ ಮೇಲೂ ಹೀಗಾದರೆ ನೀನು ಅಲ್ಲಿ ಹೆದರಿರಬೇಕು, ಎಲ್ಲ ಮರೆತಿರಬೇಕು ಎಂದು ಗದರಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾಲ್ಕು ಮಂದಿ ವಿದ್ಯಾರ್ಥಿಗಳು ಪುಸ್ತಕ ನೋಡುವ ಹಾಗೆ ನಟಿಸುತ್ತಿದ್ದರು. ಆ ಹತ್ತು ನಿಮಿಷಗಳಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬೇರೆಯವರು ಹೋದ ಮೇಲೆ, ಅಲ್ಲಿ ನಿಜವಾಗಿ ಏನಾಯಿತು ಹೇಳು ಎಂದು ಕೂರಿಸಿಕೊಂಡೆ. ಅವಳು ನೆನಪು ಮಾಡಿ ಮಾಡಿ ಹೇಳಿದಳು. ಎರಡನೇ ಕಾರ್ಡ್ ಒಬ್ಬ ಹೆಂಗಸಿನದು, ಸ್ಕ್ಯಾನಿನ ಫಲಿತಾಂಶ ಒಳ್ಳೆಯದಲ್ಲ, ಅದನ್ನು ತಿಳಿಸಬೇಕು, ಅವರ ಆತಂಕ ಕೇಳಬೇಕು.

"ನಾನು ಕೇಳಿದೆ ಟೀಚರ್, ಜೊತೆಗೆ ಯಾರು ಬಂದಿದ್ದಾರೆ ಅಂತ. ಯಾರೂ ಇಲ್ಲ, ಒಬ್ಬಳೇ ಬಂದದ್ದು ಅಂದ್ರು. ಮಗನಿಗೆ ಫೋನ್ ಮಾಡ್ಲಾ ಕೇಳಿದೆ. ಮಗ ಇಲ್ಲ ಅಂದ್ರು. ಮತ್ತೆ ನನಗೆ ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ. ಡೋಂಟ್ ವರಿ, ಎಲ್ಲ ಸರಿ ಆಗ್ತದೆ ಅಂತ ನಾಲ್ಕು ಸರ್ತಿ ಹೇಳಿದೆ. ಅವರು ಕೇಳ್ತಾನೇ ಇದ್ರು, ನನಗೆ ಏನಾಗಿದೆ, ನನಗೆ ಏನಾಗಿದೆ ಅಂತ. ಅಷ್ಟರಲ್ಲಿ ಟೈಮ್ ಆಯ್ತು."

ಮತ್ತೆ ಹೇಳಿದಳು: "ಮೊದಲನೇ ಸರ್ತಿಯೂ ಹಾಗೇ ಆದದ್ದು. ಯಾರೂ ಇಲ್ಲದವರಿಗೆ ಹೇಗೆ ಹೇಳುದು ಟೀಚರ್?"

ಮೂರು ತಿಂಗಳು ಕಾರಿಡಾರಿನಲ್ಲಿ ಮಗಳನ್ನು ಕೂರಿಸಿ ಇಟ್ಟವಳು ನಾನು. ಅವಳು ಜೊತೆಗೆ ಯಾರಿದ್ದಾರೆ ಎಂದು ಕೇಳಿದಾಗಲೆಲ್ಲ ಒಬ್ಬ ಮಗಳನ್ನು ಒದಗಿಸಿ ಕೊಟ್ಟವಳೂ ನಾನೇ. ಕೆಂಪು ಪೆನ್ನು ಹಿಡಿದು ಕ್ರಿಯಾಪದ ನೋಡುತ್ತಿದ್ದೆ, ಮಂಚದ ಮೇಲಿನವಳಿಗೆ ಉತ್ತರ ಸಿಗಲೇ ಇಲ್ಲವೆಂಬುದನ್ನು ನೋಡಲಿಲ್ಲ. ತಪ್ಪು ಅವಳ ಇಂಗ್ಲಿಷಿನದ್ದಲ್ಲ, ನನ್ನದು ಎಂದು ಹೇಳಬೇಕೆಂದಿದ್ದೆ. ಹೇಳದೆ ಎದ್ದು ಬೋರ್ಡು ಒರೆಸಿದೆ. ನಾಳೆ ಬಾ ಎಂದಷ್ಟೇ ಹೇಳಿ ಕಳಿಸಿದೆ.

ಆ ಮಾತು ಆಡಲಾಗದೆ ಹೋದದ್ದು ಝೊಹರಾಳ ಸಲುವಾಗಿ ಮಾತ್ರ ಅಲ್ಲ. ಅದಕ್ಕೆ ಏಳು ವರ್ಷ ಹಿಂದೆ ನನ್ನ ಅಮ್ಮನಿಗೆ ಹೊಟ್ಟೆನೋವು ಶುರುವಾಗಿ, ಇದೇ ಊರಿನ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದೆವು. ಅಮ್ಮನಿಗೆ ಆಗ ಎಪ್ಪತ್ತಾರು. ಡಾಕ್ಟರು ನನ್ನನ್ನು ಕಾರಿಡಾರಿನ ತುದಿಗೆ ಕರೆದು, ಹೊಟ್ಟೆಯ ಕ್ಯಾನ್ಸರ್, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ನಾನು ಆಡಿದ ಮೊದಲ ಮಾತು, ದಯವಿಟ್ಟು ಅಮ್ಮನಿಗೆ ಹೇಳಬೇಡಿ ಎಂದು. ನರ್ಸ್‌ಗಳಿಗೂ ಹಾಗೆಯೇ ಹೇಳಿಸಿದೆ. ಅಲ್ಲಿಂದ ಹನ್ನೊಂದು ವಾರ ಅಮ್ಮ ಇದ್ದರು. ಮೊದಲೆಲ್ಲ ದಿನಾ ತುಳುವಿನಲ್ಲಿ ಕೇಳುತ್ತಿದ್ದರು, "ಎಂಕ್ ದಾದ ಆತ್ಂಡ್?" ಅಂದರೆ ನನಗೆ ಏನಾಗಿದೆ ಎಂದು. ನಾನು "ದಾಲ ಇಜ್ಜಿ" ಎನ್ನುತ್ತಿದ್ದೆ, ಏನೂ ಇಲ್ಲ, ಗ್ಯಾಸ್ ಎಂದು. ಮೂರನೇ ವಾರದಿಂದ ಅವರು ಕೇಳುವುದನ್ನು ಬಿಟ್ಟರು. ನಾನು ಕೋಣೆಗೆ ಹೋದಾಗಲೆಲ್ಲ ನನ್ನ ಮುಖವನ್ನೇ ನೋಡಿ, "ಒಣಸ್ ಆಂಡಾ?" ಎಂದು ನನ್ನ ಊಟದ ಬಗ್ಗೆ ಮಾತ್ರ ವಿಚಾರಿಸುತ್ತಿದ್ದರು. ಅಮ್ಮ ಸಮಾಧಾನವಾಗಿದ್ದಾರೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಭಾಷೆ ಕಲಿಸುವುದೇ ಹೊಟ್ಟೆಪಾಡಾಗಿದ್ದ ನನಗೆ ಹೆತ್ತ ತಾಯಿಯ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಮರುದಿನ ತರಗತಿ ಮುಗಿದ ಮೇಲೆ ಝೊಹರಾಳನ್ನು ನಿಲ್ಲಿಸಿಕೊಂಡೆ. ಮೊದಲು ಕ್ಷಮೆ ಕೇಳಿದೆ. ಅವಳಿಗೆ ಮುಜುಗರವಾಗಿ, "ಅಯ್ಯೋ ಟೀಚರ್, ಎಂತದು ನೀವು" ಎಂದು ಎದ್ದು ನಿಂತಳು. ಕೂರು ಮಾರಾಯ್ತಿ ಎಂದು ಕೂರಿಸಿ, ಬೆಳಿಗ್ಗೆ ಬರೆದಿಟ್ಟಿದ್ದ ಹೊಸ ಕಾರ್ಡ್ ಕೊಟ್ಟೆ. ರೋಗಿ, ಎಪ್ಪತ್ತಾರು ವರ್ಷದ ಹೆಂಗಸು. ಎರಡು ತಿಂಗಳಿಂದ ಹೊಟ್ಟೆನೋವು. ಗ್ಯಾಸ್ ಎಂದು ಮಗಳು ಹೇಳುತ್ತಾಳೆ. ರೋಗಿಗೆ ನಂಬಿಕೆ ಇಲ್ಲ. ಮಗಳು ಈಗ ಔಷಧಿ ತರಲು ಮೆಡಿಕಲ್‌ಗೆ ಹೋಗಿದ್ದಾಳೆ. ರೋಗಿ ನಿಮ್ಮನ್ನು ಕೇಳುತ್ತಾಳೆ.

ಮೂರು ನಿಮಿಷ ಓದಿ ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಕುಶಲ ಕೇಳಿದಳು, ನೋವು ಎಲ್ಲಿ, ಯಾವಾಗ ಎಂದು ಕೇಳಿದಳು, ಚಂದವಾಗಿಯೇ ಕೇಳಿದಳು. ಆಮೇಲೆ ಅವಳ ಕಣ್ಣು ತನ್ನಿಂದ ತಾನೇ ಬಾಗಿಲ ಕಡೆ ಹೋಯಿತು. ನಿಮ್ಮ ಮಗಳು ಯಾವಾಗ ಬರುತ್ತಾರೆ? ಗೊತ್ತಿಲ್ಲ, ನೀವೇ ಹೇಳಿ ಎಂದೆ. ಅವಳು ಕಾರ್ಡನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

"ಆಗುದಿಲ್ಲ ಟೀಚರ್. ಶಬ್ದ ಎಲ್ಲ ಉಂಟು. ಬಾಯಿಗೆ ಬರುದಿಲ್ಲ."

"ಇಂಗ್ಲಿಷ್ ಬಿಡು. ತುಳುವಿನಲ್ಲಿ ಹೇಳು. ಯಾರೂ ಅಂಕ ಹಾಕುದಿಲ್ಲ."

"ತುಳುವಿನಲ್ಲಿ ನಾನು ಯಾರಿಗೂ ಹೇಳಿದ್ದೇ ಇಲ್ಲ. ಬ್ಯಾರಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ."

ನನಗೆ ಎಲ್ಲ ಸ್ಪಷ್ಟವಾದದ್ದು ಈ ಮಾತಿನಿಂದ. ಯಾವ ಭಾಷೆಯಲ್ಲೂ ಒಮ್ಮೆಯೂ ಆಡದ ಮಾತನ್ನು ನಾವು ಅವಳಿಂದ ಪರಭಾಷೆಯಲ್ಲಿ, ಐದು ನಿಮಿಷದಲ್ಲಿ, ಬಿ ದರ್ಜೆಯಲ್ಲಿ ಕೇಳುತ್ತಿದ್ದೆವು. ನಾನು ಕೆಂಪು ಪೆನ್ನನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳಿದೆ, "ಎಂಕ್ ದಾದ ಆತ್ಂಡ್?"

ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಡುವೆ ಇದ್ದ ಮೇಜಿನ ಮೂಲೆ ಅಡ್ಡ ಬಂತು, ಅದನ್ನೂ ಸರಿಸಿದಳು. ಅನಂತರ ತುಳುವಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ, ನಿಮಗೆ ಎಂತ ಅನಿಸ್ತಾ ಉಂಟು?"

"ಗ್ಯಾಸ್ ಅಂತ ಮಗಳು ಹೇಳ್ತಾಳೆ. ಗ್ಯಾಸ್ ಇಷ್ಟು ದಿನ ಇರ್ತದಾ?"

ಈ ಸಲ ಅವಳು ಬಾಗಿಲ ಕಡೆ ನೋಡಲಿಲ್ಲ. "ಇಲ್ಲ ಅಮ್ಮ. ಇದು ಗ್ಯಾಸ್ ಅಲ್ಲ. ಎಲ್ಲ ಒಮ್ಮೆಗೇ ಹೇಳ್ಬೇಕಾ, ನೀವು ಕೇಳಿದಷ್ಟು ಹೇಳ್ಲಾ?"

"ಕೇಳಿದಷ್ಟು ಹೇಳು. ಗುಣ ಆಗ್ತದಾ?"

"ಗುಣ ಆಗುದು ಕಷ್ಟ ಅಮ್ಮ. ನೋವು ಕಡಿಮೆ ಮಾಡ್ಲಿಕ್ಕೆ ಆಗ್ತದೆ. ಅದು ನನ್ನ ಕೆಲಸ. ನಾನು ಮಾಡ್ತೇನೆ."

ಇಷ್ಟಕ್ಕೆ ಕಾರ್ಡಿನಲ್ಲಿದ್ದದ್ದು ಮುಗಿದಿತ್ತು. ಮುಂದಿನದ್ದು ನಾನು ಬರೆದದ್ದಲ್ಲ, ಬಾಯಿಯಿಂದ ಬಂದೇ ಬಿಟ್ಟಿತು. "ನನ್ನ ಮಗಳಿಗೆ ಇದು ಗೊತ್ತುಂಟಾ?"

"ಗೊತ್ತುಂಟು ಅಮ್ಮ."

"ಮತ್ತೆ ಅವಳು ಯಾಕೆ ಹೇಳ್ಲಿಲ್ಲ?"

ಝೊಹರಾ ನನ್ನ ಕೈ ಹಿಡಿದುಕೊಂಡಳು. "ಹೇಳ್ಲಿಕ್ಕೆ ಅವರಿಗೆ ಧೈರ್ಯ ಬರ್ಲಿಲ್ಲ ಅಮ್ಮ. ಪ್ರೀತಿ ಇಲ್ಲದೆ ಅಲ್ಲ. ಅವರು ಬಂದ ಮೇಲೆ ನಾವು ಮೂರೂ ಜನ ಒಟ್ಟಿಗೆ ಕೂತು ಮಾತಾಡುವಾ, ಆಯ್ತಾ?"

ನಾನು ಅತ್ತೆ. ಅರವತ್ಮೂರು ವರ್ಷದ ಹೆಂಗಸು, ಶಾಲಾ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಝೊಹರಾ ಪಾತ್ರ ಬಿಡಲಿಲ್ಲ. ಅಳಬೇಡಿ ಎನ್ನಲಿಲ್ಲ, ಚಿಂತೆ ಮಾಡಬೇಡಿ ಎನ್ನಲಿಲ್ಲ, ಕೈ ಬಿಡದೆ ಹಾಗೇ ಕೂತಳು. ಐದು ನಿಮಿಷ ಕಳೆದು ಎಷ್ಟು ಹೊತ್ತಾಯಿತೋ, ನಾನು ಟೈಮರ್ ಒತ್ತಿಯೇ ಇರಲಿಲ್ಲ. ಕೊನೆಗೆ ಅವಳು ನೀರಿನ ಬಾಟಲಿ ಮುಂದೆ ಮಾಡಿ ಕೇಳಿದಳು, "ಇದು ಯಾರ ಕಾರ್ಡ್ ಟೀಚರ್?"

"ನನ್ನ ಅಮ್ಮನದ್ದು."

ಅವಳು ಆ ಕಾರ್ಡನ್ನು ಮೇಜಿನ ಮೇಲೆ ಬಿಡಲಿಲ್ಲ. ತನ್ನ ರಟ್ಟಿನ ಕಾರ್ಡ್‌ಗಳ ಕಟ್ಟಿನಲ್ಲಿ ಎಲ್ಲದರ ಮೇಲೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದಳು.

ಅಂದಿನಿಂದ ನಮ್ಮ ಅಭ್ಯಾಸದ ಕ್ರಮ ಬದಲಾಯಿತು. ಪ್ರತಿ ಕಾರ್ಡನ್ನು ಮೊದಲು ತುಳುವಿನಲ್ಲಿ, ಇಲ್ಲವೇ ಕನ್ನಡದಲ್ಲಿ. ಬಾಯಿ ಪಳಗಿದ ಮೇಲೆ ಇಂಗ್ಲಿಷಿನಲ್ಲಿ. ಹೊರಗೆ ಯಾರೂ ಇಲ್ಲ, ಬಾಗಿಲ ಕಡೆ ನೋಡುವ ಹಾಗಿಲ್ಲ. ಮುನ್ನೂರ ನಲವತ್ತು ಕಾರ್ಡ್‌ಗಳು ವ್ಯರ್ಥವಾದವು ಎಂದುಕೊಳ್ಳಬೇಡಿ. ರೋಗಿ ಏಕ್ ಎಂದರೆ ಒಂದೇ ಸಮನೆ ನೋವು, ಟೆಂಡರ್ ಎಂದರೆ ಮುಟ್ಟಿದಾಗ ನೋವು ಎಂಬ ವ್ಯತ್ಯಾಸ ಗೊತ್ತಿದ್ದುದರಿಂದಲೇ ಅವಳು ಗಮನವನ್ನೆಲ್ಲ ಎದುರಿನವರ ಮುಖದ ಮೇಲೆ ಇಡಲು ಸಾಧ್ಯವಾಯಿತು. ಕೆಂಪು ಪೆನ್ನು ಡ್ರಾಯರಿನಿಂದ ಹೊರಗೆ ಬಂತು, ಆದರೆ ಮಾತು ಮುಗಿದ ಮೇಲೆ ಮಾತ್ರ. ಹುಚ್ಚು ಪೂರ್ತಿ ಬಿಡುವುದಿಲ್ಲ.

ಅಕ್ಟೋಬರಿನ ಒಂದು ಸಂಜೆ ಝೊಹರಾ ಮೊದಲ ಬಾರಿಗೆ ತಡವಾಗಿ ಬಂದಳು, ಐದೂಮುಕ್ಕಾಲಿಗೆ. ವಾರ್ಡಿನಲ್ಲಿ ಬಂದರಿನ ಕಡೆಯ ಒಬ್ಬ ಅಜ್ಜಿ, ಮೀನು ಮಾರುತ್ತಿದ್ದವರು, ಡ್ರೆಸ್ಸಿಂಗ್ ಮಾಡುವಾಗ ಅವಳ ಕೈ ಹಿಡಿದು, ನನಗೆ ಏನಾಗಿದೆ ಎಂದು ಕೇಳಿದರಂತೆ.

"ಹಿಂದೆ ಆದ್ರೆ ಎಂತ ಇಲ್ಲ ಅಜ್ಜಿ ಅಂತ ಹೇಳಿ ಬರ್ತಿದ್ದೆ ಟೀಚರ್. ಇವತ್ತು ಬರ್ಲಿಕ್ಕೆ ಆಗ್ಲಿಲ್ಲ. ಡಾಕ್ಟರ್ ಹತ್ರ ಕೇಳಿದೆ. ಮನೆಯವರು ಒಪ್ಪಿದ್ರೆ ಹೇಳುವಾ ಅಂದ್ರು. ಹೊರಗೆ ಹೋಗಿ ಮಗಳ ಹತ್ರ ಹೇಳಿದೆ, ನಿಮ್ಮ ಅಮ್ಮ ಕೇಳ್ತಾ ಇದ್ದಾರೆ, ನೀವೇ ಒಳಗೆ ಬನ್ನಿ, ನಾನೂ ಜೊತೆಗೆ ಇರ್ತೇನೆ ಅಂತ."

"ಬಂದ್ಲಾ?"

"ಮೊದಲು ಬೈದ್ರು. ಮತ್ತೆ ಬಂದ್ರು. ಡಾಕ್ಟರೂ ಬಂದು ಹೇಳಿದ್ರು. ಅಜ್ಜಿ ಎಂತ ಹೇಳಿದ್ರು ಗೊತ್ತುಂಟಾ? ನನಗೆ ಗೊತ್ತಿತ್ತು, ನೀನು ಒಬ್ಬಳೇ ಹೊರಗೆ ಕೂತು ಅಳುದು ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ಮಗಳಿಗೆ ಹೇಳಿದ್ರು."

ಅಂದು ನನ್ನಿಂದ ಪಾಠ ಮಾಡಲಾಗಲಿಲ್ಲ. ಎಲ್ಲರಿಗೂ ಓದುವ ಅಭ್ಯಾಸ ಕೊಟ್ಟು ಕಿಟಕಿಯ ಬಳಿ ನಿಂತೆ. ನನ್ನ ಅಮ್ಮ ಮೂರನೇ ವಾರದಲ್ಲಿ ಪ್ರಶ್ನೆ ನಿಲ್ಲಿಸಿ ಊಟವಾಯಿತಾ ಎಂದು ಕೇಳಲು ಶುರು ಮಾಡಿದ್ದೇಕೆಂದು ಏಳು ವರ್ಷಗಳ ಮೇಲೆ ನನಗೆ ಅರ್ಥವಾಗಿತ್ತು. ಅಮ್ಮನಿಗೂ ಗೊತ್ತಿತ್ತು.

ಮೂರನೇ ಪರೀಕ್ಷೆ ನವೆಂಬರಿನಲ್ಲಿ. ಇದು ತಪ್ಪಿದರೆ ಆ ಕೆಲಸವೂ ಹೋಗುತ್ತದೆ, ಆ ಸೂರೂ ಹೋಗುತ್ತದೆ. ರೈಲಿನಲ್ಲಿ ಕೊಚ್ಚಿಗೆ ಹೋಗಿ ಬರೆದು ಬಂದಳು. ಹೇಗಾಯಿತು ಎಂದು ಕೇಳಿದರೆ, ಗೊತ್ತಿಲ್ಲ ಎಂದಳು. ಎರಡನೇ ಕಾರ್ಡಿನಲ್ಲಿ ಒಬ್ಬ ವಯಸ್ಸಾದವರು, ತನಗೆ ಇನ್ನು ಕಾರು ಓಡಿಸಲು ಸಾಧ್ಯವೇ ಎಂದು ಕೇಳುತ್ತಿದ್ದರಂತೆ. ಇಲ್ಲ ಎಂದು ಅವರ ಮುಖ ನೋಡಿಯೇ ಹೇಳಿದಳಂತೆ, ಅನಂತರ ಕಾರು ಇಲ್ಲದಿದ್ದರೆ ನಿಮಗೆ ಯಾವುದು ಹೆಚ್ಚು ಕಷ್ಟ ಎಂದು ಕೇಳಿದಳಂತೆ. "ವಾಕ್ಯ ಸರಿ ಇತ್ತಾ ಇಲ್ವಾ, ನೆನಪೇ ಇಲ್ಲ ಟೀಚರ್. ಅವರು ಎಂತ ಹೇಳಿದ್ರು ಅದು ನೆನಪುಂಟು." ನಾನು ಒಳಗೊಳಗೇ ಹೆದರಿದೆ, ಅವಳಿಗೆ ತೋರಿಸಲಿಲ್ಲ.

ಹದಿನಾರು ದಿನ ಕಾದೆವು. ಹದಿನೇಳನೇ ದಿನ ನಾನು ಅನ್ನಕ್ಕೆ ಇಡುತ್ತಿದ್ದಾಗ ಫೋನ್ ಬಂತು. ಝೊಹರಾ, ಏನಾಯಿತು ಹೇಳು ಎಂದೆ.

"ಬಿ ಟೀಚರ್. ನಾಲ್ಕರಲ್ಲೂ."

ಆಮೇಲೆ ಅವಳು ಅತ್ತಳು. ಜೂನಿನಿಂದ ನವೆಂಬರಿನವರೆಗೆ ಕೂಡಿಟ್ಟದ್ದನ್ನೆಲ್ಲ ಅತ್ತಳು. ನಾನು ಅಳಬೇಡ ಎನ್ನಲಿಲ್ಲ, ಅಷ್ಟು ನಾನೂ ಅವಳಿಂದ ಕಲಿತಿದ್ದೆ. ಒಲೆಯ ಮೇಲೆ ಗಂಜಿ ಉಕ್ಕಿ ಹರಿಯಿತು, ನನ್ನ ಗಂಡ ಬಂದು ಒಲೆ ಆರಿಸಿದರು.

ಮುಂದಿನ ಫೆಬ್ರವರಿಯಲ್ಲಿ ಝೊಹರಾ ಹೊರಟಳು. ಜುಲೈಯಲ್ಲಿ ಗಂಡ ಶಾರ್ಜಾದಿಂದ, ಮಗಳು ಉಳ್ಳಾಲದಿಂದ ಹೋಗಿ ಸೇರಿದರು. ಅದಾಗಿ ಒಂದು ಭಾನುವಾರ ಫೋನ್ ಮಾಡಿದಾಗ ಹಿಂದಿನಿಂದ ದೊಡ್ಡ ಗಲಾಟೆ ಕೇಳುತ್ತಿತ್ತು. ಎಂತ ಅದು ಎಂದು ಕೇಳಿದೆ.

"ಅಪ್ಪನಿಗೂ ಮಗಳಿಗೂ ಜಗಳ ಟೀಚರ್. ಅವಳ ಕೂದಲಿಗೆ ಜಡೆ ಹಾಕ್ಲಿಕ್ಕೆ ಹೊರಟಿದ್ದಾರೆ, ಇವರಿಗೆ ಬರುದಿಲ್ಲ. ಅವಳು ಬಿಡುದಿಲ್ಲ. ಬೆಳಿಗ್ಗೆಯಿಂದ ತಲೆನೋವು ನನಗೆ."

ತಲೆನೋವು ಎನ್ನುವಾಗ ಅವಳ ದನಿಯಲ್ಲಿ ಇದ್ದ ಸುಖಕ್ಕೆ ಆ ಮುನ್ನೂರ ನಲವತ್ತು ಕಾರ್ಡ್‌ಗಳಲ್ಲಿ ಶಬ್ದ ಇರಲಿಲ್ಲ. ಫೋನಿಡುವ ಮೊದಲು ಅವಳು, ಮಧ್ಯಾಹ್ನದ ಊಟ ಆಯಿತಾ ಟೀಚರ್ ಎಂದು ಕೇಳಿದಳು. ಆಯಿತು ಎಂದೆ. ನಿಜವಾಗಿಯೂ ಆಗಿತ್ತು.

ಮೂವತ್ತೈದು ವರ್ಷ ಇನ್ನೊಬ್ಬರ ಮಾತು ತಿದ್ದಿದ ಮೇಲೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಮಾತು ಸರಿಯಾಗಿದೆಯೇ ಎಂದು ನೋಡುವ ಮೊದಲು, ಅದು ಯಾರಿಗೆ ಸಲ್ಲಬೇಕೋ ಅವರಿಗೆ ಸಂದಿದೆಯೇ ಎಂದು ನೋಡಬೇಕು. ತರಗತಿ ಈಗಲೂ ನಡೆಯುತ್ತಿದೆ. ರೋಗಿ ಈಗಲೂ ನಾನೇ, ಅಮ್ಮನ ಕಾರ್ಡನ್ನು ಮತ್ತೆ ಬರೆದು ಪ್ರತಿ ಹೊಸ ತಂಡಕ್ಕೂ ಕೊಡುತ್ತೇನೆ. ಒಬ್ಬರೂ ತಪ್ಪದೆ, ಮೊದಲ ದಿನ ಎಲ್ಲರೂ ಬಾಗಿಲ ಕಡೆ ನೋಡುತ್ತಾರೆ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳುತ್ತಾರೆ. ನಾನು ಅವರ ಮುಖ ನೋಡಿ ಹೇಳುತ್ತೇನೆ, "ಯಾರೂ ಬಂದಿಲ್ಲ ಸಿಸ್ಟರ್. ನನಗೇ ಹೇಳಿ."